ಹಡಗಿಗೆ ದಾರಿ, ದಡದವರಿಗೆ ಬೀದಿ



ಅಭಿವೃದ್ಧಿಯ ಫಲವನ್ನು ಉಣ್ಣುವವರು ಒಬ್ಬರು, ಅದರ ಬೆಲೆ ತೆರುವವರು ಇನ್ನೊಬ್ಬರು ಎಂಬುದಕ್ಕೆ ಕೋಲ್ಕತಾ ಬಂದರಿನ ಕಥೆಯೇ ಸಾಕ್ಷಿ. ಸಮುದ್ರದಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗೆ, ಹೂಗ್ಲಿ ನದಿಯ ದಡದಲ್ಲಿರುವ ಈ ಬಂದರಿಗೆ ಹೂಳು ಹುಟ್ಟುಶತ್ರು. ಗಂಗೆಯ ಮುಖ್ಯ ಪ್ರವಾಹವು ಶತಮಾನಗಳ ಹಿಂದೆಯೇ ಪದ್ಮಾ ನದಿಯತ್ತ ತಿರುಗಿದ್ದರಿಂದ ಹೂಗ್ಲಿ ಬಡವಾಯಿತು. ಯಂತ್ರಗಳಿಂದ ಎಷ್ಟು ಹೂಳೆತ್ತಿದರೂ ದೊಡ್ಡ ಹಡಗುಗಳಿಗೆ ಬೇಕಾದ ಆಳ ನಿಲ್ಲಲಿಲ್ಲ.

ಆಗ ಕಂಡುಕೊಂಡ ಪರಿಹಾರವೇ ಫರಕ್ಕಾ ಅಣೆಕಟ್ಟು. ಗಂಗೆಯನ್ನು ತಡೆದು, ಸುಮಾರು 38 ಕಿ.ಮೀ. ಉದ್ದದ ಕಾಲುವೆಯ ಮೂಲಕ 40,000 ಕ್ಯೂಸೆಕ್ ನೀರನ್ನು ಹೂಗ್ಲಿಗೆ ಹರಿಸಿದರೆ ಹೂಳು ತಾನಾಗಿ ಕೊಚ್ಚಿಹೋಗುವುದೆಂದು ಎಣಿಸಲಾಗಿತ್ತು. ಬಂಗಾಳದ ಇಂಜಿನಿಯರ್ ಕಪಿಲ್ ಭಟ್ಟಾಚಾರ್ಯರು ಇದರಿಂದ ಬಂದರು ಉಳಿಯದು, ಮೇಲ್ಭಾಗದಲ್ಲಿ ಹೂಳು ತುಂಬಿ ಪ್ರವಾಹ ಬರುವುದು ಎಂದು ಎಚ್ಚರಿಸಿದ್ದರು. ಅವರಿಗೆ ಸಿಕ್ಕಿದ್ದು ಪಾಕಿಸ್ತಾನದ ಏಜೆಂಟ್ ಎಂಬ ಪಟ್ಟ! ಲೆಕ್ಕವನ್ನು ಪ್ರಶ್ನಿಸಿದವನ ದೇಶಪ್ರೇಮವನ್ನೇ ಪ್ರಶ್ನಿಸುವ ರೋಗ ನಮ್ಮ ಕಾಲದ್ದು ಮಾತ್ರವಲ್ಲ.

1975ರಲ್ಲಿ ಅಣೆಕಟ್ಟು ಕಾರ್ಯಾರಂಭ ಮಾಡಿತು. ಮರುವರ್ಷ ಮೌಲಾನಾ ಭಾಷಾನಿ ಬಾಂಗ್ಲಾದೇಶದಲ್ಲಿ ಫರಕ್ಕಾದತ್ತ ಮಹಾಜಾಥಾ ಹೊರಡಿಸಿದರು. 1996ರ ಡಿಸೆಂಬರ್‌ನಲ್ಲಿ ನಮ್ಮವರೇ ಆದ ಪ್ರಧಾನಿ ದೇವೇಗೌಡರು ಶೇಖ್ ಹಸೀನಾರೊಂದಿಗೆ 30 ವರ್ಷಗಳ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಕೋಲ್ಕತಾ, ಹಾಲ್ದಿಯಾಗಳಲ್ಲಿ ಹೂಳೆತ್ತುವ ಕೆಲಸ ಮಾತ್ರ ನಿಲ್ಲಲಿಲ್ಲ.

ಇತ್ತ ಮಾಲ್ದಾ ಮತ್ತು ಮುರ್ಶಿದಾಬಾದ್ ಜಿಲ್ಲೆಗಳಲ್ಲಿ ಗಂಗೆ ದಡವನ್ನು ಕೊರೆಯುತ್ತಲೇ ಹೋಯಿತು. ಹೊಲ, ಶಾಲೆ, ಮಸೀದಿ, ದೇವಸ್ಥಾನ ಯಾವುದನ್ನೂ ನದಿ ಬೇರೆಬೇರೆಯಾಗಿ ಕಾಣಲಿಲ್ಲ. ಸ್ಥಿತಿವಂತ ರೈತನು ಒಂದು ಮಳೆಗಾಲ ಕಳೆಯುವುದರೊಳಗೆ ರಸ್ತೆ ಬದಿಯ ಟಾರ್ಪಾಲಿನಡಿಗೆ ಬಂದನು. ಕೊಚ್ಚಿಹೋದ ಮಣ್ಣು ಎದುರು ದಡದಲ್ಲಿ ಜಾರ್ಖಂಡ್ ಕಡೆಗೆ ದಿಬ್ಬವಾಗಿ ಮೇಲೆದ್ದಾಗ, ಅಲ್ಲಿ ನೆಲೆಸಿದವನು ಯಾವ ರಾಜ್ಯದವನೆಂಬುದೇ ತಕರಾರಾಯಿತು. ಮನೆಯೊಂದಿಗೆ ದಾಖಲೆಗಳನ್ನೂ ಕಳೆದುಕೊಂಡವನಿಂದ ಪೌರತ್ವದ ಪುರಾವೆ ಕೇಳಿದರೆ ಅವನು ನದಿಯನ್ನಲ್ಲದೆ ಇನ್ನಾರನ್ನು ತೋರಿಸಿಯಾನು?

ಒಬ್ಬರ ಪ್ರಯೋಜನಕ್ಕಾಗಿ ಇನ್ನೊಬ್ಬರಿಗೆ ಹಾನಿ ತಟ್ಟಬಾರದೆಂಬುದು ಶರೀಅತ್‌ನ ಮೂಲತತ್ವಗಳಲ್ಲೊಂದು. ಸರಕಾರವು ಅಣೆಕಟ್ಟಿಗೆಂದು ಜಮೀನು ಪಡೆದರೆ ಅದು ಭೂಸ್ವಾಧೀನ, ಪರಿಹಾರ ಉಂಟು. ನದಿ ಪಡೆದರೆ ಅದು ವಿಧಿಯಂತೆ! ಕೊರೆತದಿಂದ ನಿರಾಶ್ರಿತರಾದವರ ಪುನರ್ವಸತಿಗೆ ರಾಷ್ಟ್ರೀಯ ನಿಧಿಯಲ್ಲಿ ಪ್ರತ್ಯೇಕವಾಗಿ 1,000 ಕೋಟಿ ರೂ. ಇರಿಸಲು 15ನೇ ಹಣಕಾಸು ಆಯೋಗ ಶಿಫಾರಸು ಮಾಡಿತು. ಅದು 2021-26ರ ಅವಧಿಗೆ. ಅಣೆಕಟ್ಟಿಗೆ ಆಗ 46 ವರ್ಷ ತುಂಬಿತ್ತು.