ಸೈಕಲ್ ಬ್ರೇಕಿನಲ್ಲಿ ಅಡಗಿರುವ ವಿಜ್ಞಾನ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕೊಳ್ಳೇಗಾಲ, ಯಳಂದೂರು, ಹನೂರಿನ ನಿಮಗೆ ಬಿಳಿಗಿರಿರಂಗನ ಬೆಟ್ಟದ ರಸ್ತೆ ಹೊಸದಲ್ಲ. ಲೆಕ್ಕಕ್ಕಾಗಿ, ಸೈಕಲ್ ಮತ್ತು ಸವಾರ ಸೇರಿ 80 ಕಿಲೋ, ಇಳಿಯುವ ಎತ್ತರ 500 ಮೀಟರ್ ಎಂದಿಟ್ಟುಕೊಳ್ಳೋಣ. ಆಗ ಬಿಡುಗಡೆಯಾಗುವ ಶಕ್ತಿ ಸುಮಾರು 3,92,000 ಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ಒಂದಷ್ಟನ್ನು ಎದುರುಗಾಳಿ ಹೀರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಹೆಬ್ಬೆರಳಿನಷ್ಟಿರುವ ನಾಲ್ಕು ಬ್ರೇಕ್ ರಬ್ಬರ್ ರಿಮ್ಮಿಗೆ ಉಜ್ಜುವ ಕಡೆ ಶಾಖವಾಗಬೇಕು.

ನಮ್ಮ ಅಬ್ಬಾ ಅವರದು ಸೈಕಲ್ ಶಾಪ್. ಚಿಕ್ಕವನಿದ್ದಾಗ ನಾನು ದುಡ್ಡು ಉಳಿಸಲು ಹಳೇ ಟೈರ್ ಕತ್ತರಿಸಿ ಬ್ರೇಕಿಗೆ ಹಾಕಿಕೊಂಡೆ. ಮಳೆಯಲ್ಲಿ ಇಳಿಜಾರು ಬಂತು, ಸೈಕಲ್ ನಿಲ್ಲಲಿಲ್ಲ, ನಾನು ಚರಂಡಿಯಲ್ಲಿದ್ದೆ. ಅಬ್ಬಾ ಬೈಯಲಿಲ್ಲ. ಟೈರಿನ ತುಂಡು, ಹೊಸ ಬ್ರೇಕ್ ರಬ್ಬರ್ ಎರಡನ್ನೂ ಕೈಗಿಟ್ಟು, "ಉಗುರಿನಿಂದ ಒತ್ತಿ ನೋಡು, ಎರಡೂ ಒಂದೇನಾ?" ಎಂದರು. ಅದೇ ನನ್ನ ಮೊದಲ ಎಂಜಿನಿಯರಿಂಗ್ ಪಾಠ.

ಎರಡೂ ಕಪ್ಪು, ಆದರೆ ಎರಡೂ ಒಂದಲ್ಲ. ಟೈರಿನ ರಬ್ಬರನ್ನು ರಸ್ತೆ ಹಿಡಿಯಲು ಕಲಸಿರುತ್ತಾರೆ, ಬ್ರೇಕ್ ರಬ್ಬರನ್ನು ಲೋಹ ಹಿಡಿಯಲು. ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಎಂಬ ಮಸಿ, ಖನಿಜದ ಪುಡಿ ಮುಂತಾದವನ್ನು ಬೆರೆಸಿ, ಗಂಧಕದೊಂದಿಗೆ ಕಾಯಿಸಿ ಗಟ್ಟಿಮಾಡುತ್ತಾರೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಕಟ್ಟಿದ ನಮ್ಮ ಹಿರಿಯರ ಉಪಾಯವೂ ಇದೇ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇದನ್ನೇ ಸಂಯೋಜಿತ ವಸ್ತು ಎನ್ನುತ್ತಾರೆ. ಡಿಸ್ಕ್ ಬ್ರೇಕಿಗೆ ಶಾಖ ಇನ್ನೂ ಹೆಚ್ಚು. ಆದ್ದರಿಂದ ಅದರ ಪ್ಯಾಡಿನಲ್ಲಿ ರಾಳ, ಅರಾಮಿಡ್ ನಾರು, ಲೋಹದ ಪುಡಿ ಇರುತ್ತವೆ.

ಹಿಂದೆ ವಾಹನಗಳ ಬ್ರೇಕಿಗೆ ಕಲ್ನಾರು ಬಳಸುತ್ತಿದ್ದರು. ಶಾಖ ತಡೆಯುವುದರಲ್ಲಿ ಅದು ಗಟ್ಟಿಗ, ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ. ಗ್ಯಾರೇಜಿನಲ್ಲಿ ದುಡಿಯುವ ಸಹೋದರರಿಗೆ ಒಂದು ಮನವಿ: ಹಳೇ ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ, ಗಾಳಿ ಪೈಪಿನಿಂದಾಗಲಿ ಊದಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.

ಕಲ್ನಾರಿನ ಬದಲು ತೆಂಗಿನ ಚಿಪ್ಪಿನ ಪುಡಿಯಂಥವನ್ನೂ ಸಂಶೋಧಕರು ಪರೀಕ್ಷಿಸಿದ್ದಾರೆ. ನಮ್ಮ ಬೆಟ್ಟದ ಕಾಡನ್ನು ಆವರಿಸಿರುವ ಲಂಟಾನದಿಂದ ಸೋಲಿಗರು ಪೀಠೋಪಕರಣ ಮಾಡುವುದನ್ನು ನೀವು ಕಂಡಿರಬಹುದು. ಅದೇ ಲಂಟಾನದ ನಾರನ್ನು ಎಪಾಕ್ಸಿ ರಾಳದಲ್ಲಿ ಸೇರಿಸಿ ಎಷ್ಟು ಸವೆಯುತ್ತದೆಂದು ರೂರ್ಕೆಲಾದ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಪರೀಕ್ಷಿಸಿದ್ದಾರೆ. ಅದರಿಂದ ಬ್ರೇಕ್ ಆದೀತೇ? ಶಾಖದಲ್ಲಿ ನಾರು ಕರಕಲಾಗದಂತೆ ಮಾಡುವುದು ದೊಡ್ಡ ಸವಾಲು. ಅದನ್ನು ಬಿಡಿಸುವವರು ನಿಮ್ಮಲ್ಲೇ ಯಾರಾದರೂ ಆಗಬಾರದೇಕೆ?

2006-07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಶಾಲೆ ಎಷ್ಟೋ ಮನೆಗಳಿಗೆ ಹತ್ತಿರವಾಯಿತು. ಸೈಕಲ್ ಇದ್ದರೆ ಸಾಲದು, ಅದು ನಿಲ್ಲಲೂಬೇಕು. ರಬ್ಬರಿನ ಗೆರೆ ಸವೆದಿದ್ದರೆ ಬದಲಿಸಿ. ಮೇಲ್ಮೈ ನುಣುಪಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ. ರಿಮ್ಮಿಗೆ ಎಣ್ಣೆ ತಾಗಿಸಬೇಡಿ. ಒದ್ದೆಯಾದ ಉಕ್ಕಿನ ರಿಮ್ಮನ್ನು ಬ್ರೇಕ್ ಬೇಗ ಹಿಡಿಯುವುದಿಲ್ಲ, ಮಳೆಯಲ್ಲಿ ದೂರದಿಂದಲೇ ಎರಡೂ ಬ್ರೇಕ್ ಒತ್ತಿ.

ಪಂಕ್ಚರ್ ಹಾಕುವ ಕೈ ಕೀಳಲ್ಲ, ಪುಸ್ತಕ ಹಿಡಿದ ಕೈ ಮೇಲಲ್ಲ. ಎರಡೂ ಕೂಡಿದರೆ ಗಟ್ಟಿಯಾದ ವಸ್ತು ಸಿದ್ಧವಾಗುತ್ತದೆ.