‘ಕೇಮ್ ಫ್ರಮ್’ ಅಲ್ಲ, ‘ಕಮ್ ಫ್ರಮ್’

ನಾವು ಬ್ಯಾಂಕ್ ಕೌಂಟರ್‌ನಲ್ಲಿ ಕೂರುವವರು, ಇಂಗ್ಲಿಷ್ ಮೇಷ್ಟ್ರಲ್ಲ. ಆದರೂ ಇಂಟರ್‌ವ್ಯೂಗೆ ತಯಾರಾಗ್ತಿರೋ ನಿಮಗೆ ಒಂದೇ ಒಂದು ಮಾತು ಹೇಳಬೇಕಿದೆ.

‘ವೇರ್ ಡೂ ಯೂ ಕಮ್ ಫ್ರಮ್?’ ಅಂತ ಕೇಳಿದರೆ ನಮ್ಮವರಲ್ಲಿ ಎಷ್ಟೋ ಮಂದಿ ‘ಐ ಆಮ್ ಕಮಿಂಗ್ ಫ್ರಮ್ ಕಾಸರಗೋಡು’ ಅಂತಾರೆ. ಕೇಳಿದವರಿಗೆ ಅದು, ಈಗಷ್ಟೇ ಕಾಸರಗೋಡಿನ ರೈಲು ಇಳಿದು ಬಂದ ಹಾಗೆ ಕೇಳಿಸುತ್ತೆ. ಊರು ಹೇಳೋಕೆ ‘ಐ ಕಮ್ ಫ್ರಮ್ ಕಾಸರಗೋಡು’ ಸಾಕು. ಹತ್ತು ವರ್ಷದಿಂದ ಬೆಂಗಳೂರಲ್ಲೇ ಇದ್ದರೂ ಹೀಗೇ.

ಗೊಂದಲ ಯಾಕೆ ಅಂದ್ರೆ, ಕನ್ನಡದಲ್ಲಿ ಊರು ಹೇಳೋಕೆ ‘ಬರೋದು’ ಬೇಕಾಗೋದೇ ಇಲ್ಲ. ‘ನಿಮ್ಮದು ಯಾವೂರು?’ ‘ತಾಳವಾಡಿ.’ ಮುಗೀತು, ಕ್ರಿಯಾಪದವೇ ಇಲ್ಲ. ಇಂಗ್ಲಿಷ್‌ನಲ್ಲಿ ‘ಕಮ್’ ಇದೆ, ಆದರೆ ಇಲ್ಲಿ ಅದು ಪ್ರಯಾಣದ ಮಾತಲ್ಲ, ಮೂಲದ ಮಾತು. ಹುಟ್ಟಿದ ಊರು ಬಿಟ್ಟು ಎಲ್ಲಿಗೂ ಹೋಗದವರೂ ‘ಐ ಕಮ್ ಫ್ರಮ್’ ಅಂತಲೇ ಹೇಳ್ತಾರೆ.

ನಿಜವಾದ ತೊಂದರೆ ಮುಂದಿನ ಪ್ರಶ್ನೆಯಲ್ಲಿದೆ. ‘ಕೇರಳದವರು, ಮನೆಮಾತು ಕನ್ನಡ ಹೇಗೆ?’ ಆಗ ಗಾಬರಿಯಲ್ಲಿ ‘ಮೈ ಫ್ಯಾಮಿಲಿ ಕೇಮ್ ಫ್ರಮ್ ಕರ್ನಾಟಕ’ ಅಂದುಬಿಡ್ತೀವಿ. ಅಲ್ಲಿಗೆ ನಾವೇ ನಮ್ಮನ್ನು ವಲಸೆ ಬಂದವರು ಮಾಡಿಕೊಂಡ ಹಾಗಾಯ್ತು. ನಿಜವಾಗಿ ವಲಸೆ ಬಂದ ಮನೆಯವರು ಹಾಗೆ ಹೇಳಲಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಮನೆ, ತೋಟ, ಬಾವಿ ಎಲ್ಲ ಇದ್ದಲ್ಲೇ ಇದ್ದವು; ಬಂದದ್ದು ಗಡಿ. ಹಾಗಾಗಿ ನೇರ ಹೇಳಿ: ‘ಐ ಕಮ್ ಫ್ರಮ್ ಕಾಸರಗೋಡು. ವಿ ಹ್ಯಾವ್ ಆಲ್ವೇಸ್ ಸ್ಪೋಕನ್ ಕನ್ನಡ ದೇರ್.’ ಹೊಸೂರಿನವರು, ಅಕ್ಕಲಕೋಟೆಯವರು ಊರಿನ ಹೆಸರು ಬದಲಾಯಿಸಿಕೊಂಡರೆ ಆಯ್ತು.

ಕೆಲವರು ಬಯೋಡೇಟಾದಲ್ಲಿ ‘ಹೇಲ್ ಫ್ರಮ್’ ಬರೀತಾರೆ. ಕನ್ನಡದ ಕಿವಿಗೆ ಆ ಪದ ನಗು ತರಿಸುತ್ತೆ, ನಕ್ಕುಬಿಡಿ. ಸಮುದ್ರದಲ್ಲಿ ಎದುರಾದ ಹಡಗನ್ನು ಕೂಗಿ ‘ಯಾವ ಬಂದರಿನದು?’ ಅಂತ ಕೇಳ್ತಿದ್ದ ನಾವಿಕರ ಮಾತದು. ತಪ್ಪೇನಲ್ಲ, ಅತಿಥಿಗಳ ಪರಿಚಯ ಮಾಡಿಕೊಡೋವಾಗ ಚೆನ್ನಾಗಿರುತ್ತೆ. ಆದರೆ ‘ಐ ಆಮ್ ಹೇಲಿಂಗ್ ಫ್ರಮ್’ ಮಾತ್ರ ಬೇಡ.

ಸರಿ, ಈಗ ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ಎದ್ದು ನಿಮ್ಮೂರು ಹೇಳಿ. ಜೋರಾಗಿ.