ನಮ್ಮ ಪಾಠವನ್ನು ನಾವೇ ನೋಡೋಣ



ಶಿಕ್ಷಕರಾದ ನಾವು ದಿನವಿಡೀ ಮಕ್ಕಳ ತಪ್ಪು ತಿದ್ದುತ್ತೇವೆ. ನಮ್ಮ ತಪ್ಪನ್ನು ತಿದ್ದುವವರು ಯಾರು? ಮೇಲಧಿಕಾರಿಗಳು ತರಗತಿಗೆ ಬಂದು ಕುಳಿತ ದಿನ ನಾವು ಬಹಳ ಎಚ್ಚರವಾಗಿರುತ್ತೇವೆ. ಉಳಿದ ದಿನಗಳ ಪಾಠವನ್ನು ನೋಡುವವರು ಮಕ್ಕಳು ಮಾತ್ರ. ಅವರು ನಮಗೆ ಹೇಳಲಾರರು.

ಬಿ.ಎಡ್. ಓದಿದವರಿಗೆಲ್ಲ ಅಣುಬೋಧನೆ ಗೊತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಅದನ್ನು ರೂಪಿಸಿದರು. ಐದಾರು ನಿಮಿಷಗಳ ಪಾಠ, ಅದರಲ್ಲಿ ಒಂದೇ ಕೌಶಲದ ಅಭ್ಯಾಸ, ಅದರ ಚಿತ್ರೀಕರಣ, ನೋಡಿ ತಿದ್ದಿಕೊಂಡು ಮತ್ತೊಮ್ಮೆ ಪಾಠ, ಇದು ಅದರ ಕ್ರಮ. ನಮ್ಮ ದೇಶದಲ್ಲಿ ಎನ್.ಸಿ.ಇ.ಆರ್.ಟಿ. ಇದನ್ನು 36 ನಿಮಿಷಗಳ ಚಕ್ರವಾಗಿ ಹೊಂದಿಸಿತು. ಕ್ಯಾಮೆರಾ ಇಲ್ಲದ ಕಡೆ ಸಹಪಾಠಿಗಳೇ ವೀಕ್ಷಕರಾಗಿ ಅಂಕ ಹಾಕಿದರು. ಪದವಿ ಕೈಗೆ ಬಂದ ಮೇಲೆ ನಮ್ಮಲ್ಲಿ ಹೆಚ್ಚಿನವರು ಅದನ್ನು ಮರೆತೆವು.

ಇಂದು ಮಲ್ಲಿಪಟ್ಟಣದಂಥ ಹೋಬಳಿ ಊರಿನಲ್ಲೂ ಶಿಕ್ಷಕರ ಕೈಯಲ್ಲಿ ಕ್ಯಾಮೆರಾ ಇರುವ ಮೊಬೈಲ್ ಇದೆ. ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಪಡೆದು, ಒಂದು ದಿನ ಅದನ್ನು ಕಿಟಕಿಯಲ್ಲಿಟ್ಟು ನನ್ನ ಕನ್ನಡ ಪಾಠವನ್ನು ಚಿತ್ರೀಕರಿಸಿದೆ. ಮಕ್ಕಳ ಮನೆಮಾತು ಉರ್ದು. ಉರ್ದುವಿನಲ್ಲಿ ‘ಳ’ ಇಲ್ಲ. ಹಾಗಾಗಿ ‘ಬಳೆ’ ಎನ್ನಬೇಕಾದ ಕಡೆ ‘ಬಲೆ’ ಎಂದುಬಿಡುತ್ತಾರೆ. ಅಂದಿನ ಪಾಠ ಅದೇ ಆಗಿತ್ತು.

ರಾತ್ರಿ ಮನೆಯಲ್ಲಿ ನೋಡಿದೆ. ಮೊದಲ ಸಲ ನನ್ನ ಧ್ವನಿ, ನಡಿಗೆ ನೋಡಿ ನಾಚಿಕೆಯಾಯಿತು. ಎರಡನೇ ಸಲ ಮಕ್ಕಳನ್ನು ನೋಡಿದೆ. “ಬಳೆಗೂ ಬಲೆಗೂ ಏನು ವ್ಯತ್ಯಾಸ?” ಎಂದು ಕೇಳಿದ ನಾನು ಮರುಕ್ಷಣವೇ ಉತ್ತರವನ್ನೂ ಹೇಳಿ ಬೋರ್ಡಿನ ಕಡೆ ತಿರುಗಿದ್ದೆ. ಮೂರನೇ ಸಾಲಿನ ಒಬ್ಬ ಹುಡುಗಿ ತನ್ನ ಕೈಬಳೆ ಮುಟ್ಟಿಕೊಂಡು ಬಾಯಿ ತೆರೆದಿದ್ದಳು. ನನ್ನ ಬೆನ್ನು ಕಂಡು ಸುಮ್ಮನಾದಳು. ‘ನಿಮ್ಮ ಮಗಳಿಗೆ ಕನ್ನಡ ಹತ್ತುವುದಿಲ್ಲ’ ಎಂದು ಅವಳ ತಂದೆಗೆ ಹೇಳಿದ್ದವರು ಬೇರೆ ಯಾರೂ ಅಲ್ಲ, ನಾನೇ!

ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂಬುದನ್ನು ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಉತ್ತರಿಸುತ್ತಾರೆ, ಉತ್ತರವೂ ಉದ್ದವಾಗುತ್ತದೆ. ಉರ್ದುವಿನಲ್ಲಿ ಯೋಚಿಸಿ ಕನ್ನಡದ ಮಾತು ಹುಡುಕುವ ನಮ್ಮ ಮಕ್ಕಳಿಗೆ ಆ ಸಮಯ ಇನ್ನೂ ಅಗತ್ಯ. ಮರುದಿನದಿಂದ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸತೊಡಗಿದೆ. ಕೆಲವು ದಿನಗಳಲ್ಲಿ ಆ ಹುಡುಗಿ ಉತ್ತರ ಹೇಳಿದಳು. ‘ಳ’ ಇನ್ನೂ ಸರಿಯಾಗಿರಲಿಲ್ಲ, ಆದರೆ ಮಾತು ಹೊರಬಂದಿತ್ತು. ಅವಳ ತಂದೆಯನ್ನು ಕಂಡು ನನ್ನ ಮಾತನ್ನು ಹಿಂದಕ್ಕೆ ಪಡೆದೆ.

ಸಹೋದ್ಯೋಗಿಗಳೇ, ನೀವೂ ಹತ್ತು ನಿಮಿಷ ಚಿತ್ರೀಕರಿಸಿ ನೋಡಿ. ಒಮ್ಮೆ ಧ್ವನಿಯೊಂದಿಗೆ, ಒಮ್ಮೆ ಧ್ವನಿ ಮುಚ್ಚಿ ನೋಡಿ. ಒಂದೇ ಒಂದು ತಪ್ಪನ್ನು ಬರೆದುಕೊಂಡು ತಿದ್ದಿ, ಮುಂದಿನ ವಾರ ಮತ್ತೆ ಪರೀಕ್ಷಿಸಿ. ಆದರೆ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ತೆಗೆಯಬೇಡಿ. ತೆಗೆದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸದೆ, ನೋಡಿದ ಮೇಲೆ ಅಳಿಸಿಬಿಡಿ. ಚಿತ್ರ ಬೇಡವೆನ್ನುವ ಸಹೋದರಿಯರು ಧ್ವನಿಯನ್ನು ಮಾತ್ರ ಮುದ್ರಿಸಿಕೊಳ್ಳಬಹುದು. ನಾವು ಎಷ್ಟು ಹೊತ್ತು ಕಾದೆವು ಎಂದು ತಿಳಿಯಲು ಅಷ್ಟೇ ಸಾಕು.

ವಿದ್ಯಾರ್ಥಿಗಳೇ, ಶಿಕ್ಷಕರು ಅವಸರ ಮಾಡಿದರೆ ಸುಮ್ಮನಾಗಬೇಡಿ. ಕೈ ಎತ್ತಿ, “ಸ್ವಲ್ಪ ಸಮಯ ಕೊಡಿ” ಎಂದು ವಿನಯದಿಂದ ಕೇಳಿ.

ನಮ್ಮ ದೀನ್ ನಮಗೆ ಮುಹಾಸಬಾ ಕಲಿಸಿದೆ. ನಮ್ಮ ಕೆಲಸದ ಲೆಕ್ಕವನ್ನು ಮೊದಲು ನಾವೇ ನೋಡಿಕೊಳ್ಳಬೇಕು. ಶಿಕ್ಷಕರ ಲೆಕ್ಕದಲ್ಲಿ ಬಾಯಿ ತೆರೆದು ಮುಚ್ಚಿಕೊಂಡ ಮಕ್ಕಳೂ ಇದ್ದಾರೆ. ಅವರನ್ನು ಕಾಣುವ ಕಣ್ಣನ್ನು ಅಲ್ಲಾಹನು ನಮಗೆ ಕರುಣಿಸಲಿ ಎಂದು ಪ್ರಾರ್ಥಿಸುತ್ತ ನನ್ನ ಮಾತು ಮುಗಿಸುತ್ತೇನೆ. ಅಸ್ಸಲಾಮು ಅಲೈಕುಮ್.